‘ಸ್ವಲ್ಪ ಕಾಲದ ಮಟ್ಟಿಗೆ’: ಒಂದು ಕಚೇರಿ ಪತ್ರದ ಓದು

1943ರ ಜೂನ್ 21ರಂದು ನಾಜಿ ಜರ್ಮನಿಯ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಪತ್ರವೊಂದು ಹೋಯಿತು. ನಮ್ಮ ಕಚೇರಿ ಪತ್ರಗಳಲ್ಲಿ ಇರುವ ಹಾಗೆ ಅದರ ತಲೆಯ ಮೇಲೂ ‘ವಿಷಯ’ ಎಂಬ ಸಾಲಿತ್ತು. ವಿಷಯ: ಅಸ್ಥಿಪಂಜರಗಳ ಸಂಗ್ರಹವೊಂದನ್ನು ರೂಪಿಸುವ ಬಗ್ಗೆ.

ಪತ್ರದ ಸಾರ ಇಷ್ಟು. ಆಶ್ವಿಟ್ಜ್ ಶಿಬಿರದಲ್ಲಿ ಒಟ್ಟು 115 ಜನರ ಮೇಲಿನ ಕೆಲಸ ಮುಗಿದಿದೆ. ಅವರಲ್ಲಿ 79 ಯಹೂದಿ ಗಂಡಸರು, 30 ಯಹೂದಿ ಹೆಂಗಸರು, ಇಬ್ಬರು ಪೋಲೆಂಡಿನವರು, ನಾಲ್ವರು ಮಧ್ಯ ಏಷ್ಯಾದವರು. ಶಿಬಿರದಲ್ಲಿ ಸಾಂಕ್ರಾಮಿಕ ರೋಗದ ಅಪಾಯ ಇರುವುದರಿಂದ ಕೆಲಸವನ್ನು ನಿಲ್ಲಿಸಲಾಗಿದೆ. ಆಯ್ಕೆಯಾದವರನ್ನು ಪ್ರತ್ಯೇಕವಾಗಿ ಇರಿಸಲಾಗಿದೆ. ಅವರನ್ನು ಬೇಗನೆ ನಾಟ್ಸ್‌ವೈಲರ್ ಶಿಬಿರಕ್ಕೆ ಸಾಗಿಸಬೇಕು. ರೋಗ ಅಲ್ಲಿಗೂ ಹರಡದಿರಲು 80 ಗಂಡಸರಿಗೆ ಮತ್ತು 30 ಹೆಂಗಸರಿಗೆ ಆಗುವಷ್ಟು ಕೈದಿಗಳ ಬಟ್ಟೆಯನ್ನು ನಾಟ್ಸ್‌ವೈಲರಿನಿಂದ ಮೊದಲೇ ಕಳಿಸಬೇಕು. ಹೆಂಗಸರಿಗೆ ಅಲ್ಲಿ ಸ್ವಲ್ಪ ಕಾಲದ ಮಟ್ಟಿಗೆ ವಸತಿ ಒದಗಿಸಬೇಕು.

ಇಡೀ ಪತ್ರದಲ್ಲಿ ‘ಕೊಲ್ಲು’ ಎಂಬ ಕ್ರಿಯಾಪದ ಇಲ್ಲ. ‘ಸಾವು’ ಎಂಬ ನಾಮಪದವೂ ಇಲ್ಲ. ಬರೆದವನಿಗೂ ಓದಿದವನಿಗೂ ಗೊತ್ತಿದ್ದ ಸಂಗತಿ ‘ಸ್ವಲ್ಪ ಕಾಲದ ಮಟ್ಟಿಗೆ’ ಎಂಬ ಮಾತಿನೊಳಗೆ ಅಡಗಿ ಕೂತಿದೆ. ವಸತಿ ಯಾಕೆ ಸ್ವಲ್ಪ ಕಾಲಕ್ಕೆ ಸಾಕು? ಆಮೇಲೆ ಅವರು ಎಲ್ಲಿಗೆ ಹೋಗುತ್ತಾರೆ? ಇದಕ್ಕೆ ಉತ್ತರ ಪತ್ರದ ವಿಷಯದ ಸಾಲಿನಲ್ಲೇ ಇದೆ. ಆದರೆ ಆ ಸಾಲಿಗೂ ಈ ಮಾತಿಗೂ ನಡುವೆ ಇರುವ ಸಂಬಂಧವನ್ನು ಪತ್ರ ಹೇಳುವುದಿಲ್ಲ. ಅದನ್ನು ಓದುವವರೇ ಕಟ್ಟಿಕೊಳ್ಳಬೇಕು.

ಪತ್ರ ತಲುಪಬೇಕಾದ ವ್ಯಕ್ತಿಯ ಹೆಸರು ಅಡಾಲ್ಫ್ ಐಷ್ಮನ್. ಆ ಹೆಸರು ಇಂದು ಜಗತ್ತಿಗೆಲ್ಲ ಗೊತ್ತು. ಬರೆದವನ ಹೆಸರು ವೋಲ್ಫ್ರಾಮ್ ಸೀವರ್ಸ್. ಇವನನ್ನು ನೆನಪಿಟ್ಟವರು ಕಡಿಮೆ. ಈ ಬರಹ ಅವನ ಪತ್ರಗಳ ಬಗ್ಗೆ, ಮತ್ತು ಅಂಥ ಪತ್ರಗಳನ್ನು ನಾವು ಓದುವ ಬಗೆಯ ಬಗ್ಗೆ.

*

ಸೀವರ್ಸ್ ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. 1905ರಲ್ಲಿ ಹಿಲ್ಡೆಸ್‌ಹೈಮ್‌ನಲ್ಲಿ ಹುಟ್ಟಿದವನು. ಹರ್ಮನ್ ವಿರ್ತ್ ಎಂಬ ವಿಚಿತ್ರ ಸಂಶೋಧಕನಿಗೆ ಕಾರ್ಯದರ್ಶಿಯಾಗಿದ್ದ. 1935ರಲ್ಲಿ ಹೈನ್‌ರಿಷ್ ಹಿಮ್ಲರ್, ವಿರ್ತ್ ಮೊದಲಾದವರು ಸೇರಿ ‘ಆನೆನೆರ್ಬೆ’ ಎಂಬ ಸಂಸ್ಥೆ ಕಟ್ಟಿದಾಗ ಅದರ ಆಡಳಿತ ಇವನ ಕೈಗೆ ಬಂತು. ಆನೆನೆರ್ಬೆ ಎಂದರೆ ಪೂರ್ವಜರು ಬಿಟ್ಟುಹೋದ ಆಸ್ತಿ, ಪಿತ್ರಾರ್ಜಿತ. ಜರ್ಮನ್ ಜನಾಂಗದ ಪ್ರಾಚೀನ ಹಿರಿಮೆಯನ್ನು ವಿದ್ವತ್ತಿನ ಹೆಸರಿನಲ್ಲಿ ಸಾಬೀತು ಮಾಡುವುದು ಅದರ ಉದ್ದೇಶ. ಉತ್ಖನನ, ಶಾಸನ, ಜಾನಪದ, ಭಾಷೆ ಎಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು.

ಈ ಸಂಸ್ಥೆಯ ವಿದ್ವತ್ ಮುಖ್ಯಸ್ಥ ವಾಲ್ಟರ್ ವ್ಯೂಸ್ಟ್ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ, ಭಾರತೀಯ ಅಧ್ಯಯನಗಳ ಪ್ರಾಧ್ಯಾಪಕನಾಗಿದ್ದ ಎಂಬುದು ನಮ್ಮಂಥ ಓದುಗರು ಗಮನಿಸಬೇಕಾದ ಸಂಗತಿ. ವೇದದ ಶಬ್ದಗಳನ್ನು ಬಿಡಿಸಿ ನೋಡಬಲ್ಲ ಪಂಡಿತನೊಬ್ಬ ಈ ಮನೆಯ ಯಜಮಾನರಲ್ಲಿ ಒಬ್ಬ. 1938-39ರಲ್ಲಿ ಅರ್ನ್ಸ್ಟ್ ಶೇಫರ್ ನೇತೃತ್ವದ ಜರ್ಮನ್ ತಂಡ ಕಲ್ಕತ್ತ, ಸಿಕ್ಕಿಂ ಮಾರ್ಗವಾಗಿ ಟಿಬೆಟ್ಟಿಗೆ ಹೋಯಿತು. ಆ ತಂಡದಲ್ಲಿದ್ದ ಮಾನವಶಾಸ್ತ್ರಜ್ಞ ಬ್ರೂನೊ ಬೇಗರ್ ದಾರಿಯುದ್ದಕ್ಕೂ ಜನರ ತಲೆ, ಮೂಗು, ಕೆನ್ನೆಗಳ ಅಳತೆ ತೆಗೆದುಕೊಂಡ. ಮುಖದ ಅಚ್ಚು ತೆಗೆದ. ಅಳೆಸಿಕೊಂಡವರು ಮನೆಗೆ ಮರಳಿದರು. ನಾಲ್ಕು ವರ್ಷಗಳ ನಂತರ ಅದೇ ಬೇಗರ್ ಅದೇ ಬಗೆಯ ಅಳತೆಯ ಸಾಮಾನು ಹಿಡಿದು ಆಶ್ವಿಟ್ಜ್‌ಗೆ ಹೋದ. ಜೂನ್ 21ರ ಪತ್ರ ಹೇಳುವ ‘115 ಜನರ ಮೇಲಿನ ಕೆಲಸ’ ಅವನದೇ.

1942ರಲ್ಲಿ ಆನೆನೆರ್ಬೆಯ ಅಡಿಯಲ್ಲಿ ಯುದ್ಧಕ್ಕೆ ಬೇಕಾದ ಸಂಶೋಧನೆಗಾಗಿಯೇ ಒಂದು ಹೊಸ ವಿಭಾಗ ಹುಟ್ಟಿತು. ಅದರ ಆಡಳಿತವೂ ಸೀವರ್ಸ್‌ನ ಪಾಲಿಗೆ ಬಂತು. ಡಖಾವ್ ಶಿಬಿರದಲ್ಲಿ ಜಿಗ್ಮುಂಟ್ ರಾಷರ್ ಎಂಬ ವೈದ್ಯ ಕೈದಿಗಳನ್ನು ಗಾಳಿಯ ಒತ್ತಡ ಇಳಿಸುವ ಕೋಣೆಯೊಳಗೆ ಕೂರಿಸುತ್ತಿದ್ದ. ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಮುಳುಗಿಸುತ್ತಿದ್ದ. ವಿಮಾನ ಚಾಲಕ ಎಷ್ಟು ಎತ್ತರದವರೆಗೆ ಬದುಕುತ್ತಾನೆ, ಸಮುದ್ರಕ್ಕೆ ಬಿದ್ದರೆ ಎಷ್ಟು ಹೊತ್ತು ಉಳಿಯುತ್ತಾನೆ ಎಂಬ ಪ್ರಶ್ನೆಗಳಿಗೆ ಕೈದಿಗಳ ಸಾವೇ ಉತ್ತರವಾಗುತ್ತಿತ್ತು. ನಾಟ್ಸ್‌ವೈಲರಿನಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಆಗುಸ್ಟ್ ಹಿರ್ಟ್ ಕೈದಿಗಳ ಮೈಮೇಲೆ ವಿಷಾನಿಲವನ್ನು ಪರೀಕ್ಷಿಸುತ್ತಿದ್ದ. ಇವರಿಗೆಲ್ಲ ಹಣ, ಸಲಕರಣೆ, ಅನುಮತಿ ಒದಗುವಂತೆ ನೋಡಿಕೊಳ್ಳುವುದು ಸೀವರ್ಸ್‌ನ ಕೆಲಸ. ಅವನು ಸೂಜಿ ಚುಚ್ಚಲಿಲ್ಲ, ಕವಾಟ ತಿರುಗಿಸಲಿಲ್ಲ. ಪತ್ರ ಬರೆದ, ಪತ್ರ ಬರೆಸಿದ, ಪ್ರತಿ ಇಟ್ಟುಕೊಂಡ.

*

ಅಸ್ಥಿಪಂಜರಗಳ ಸಂಗ್ರಹದ ಕಡತವನ್ನು ಕಾಲಾನುಕ್ರಮದಲ್ಲಿ ಓದಿದರೆ ಅದಕ್ಕೊಂದು ಕಥೆಯ ಬೆಳವಣಿಗೆ ಇರುವುದು ಕಾಣುತ್ತದೆ. ನಾಲ್ಕು ಪತ್ರಗಳು ಸಾಕು.

ಮೊದಲನೆಯದು 1942ರ ಫೆಬ್ರವರಿಯದು. ಹಿರ್ಟ್‌ನ ಕಡೆಯಿಂದ ಬಂದ ಪ್ರಸ್ತಾವವನ್ನು ಸೀವರ್ಸ್ ಹಿಮ್ಲರ್‌ನ ಆಪ್ತ ಕಾರ್ಯದರ್ಶಿ ರುಡಾಲ್ಫ್ ಬ್ರಾಂಟ್‌ಗೆ ಕಳಿಸುತ್ತಾನೆ. ಪೂರ್ವ ರಣರಂಗದಲ್ಲಿ ಸೆರೆಸಿಕ್ಕ ಯಹೂದಿ ಕಮಿಸಾರರ ತಲೆಬುರುಡೆಗಳನ್ನು ಸಂಗ್ರಹಿಸಬೇಕೆಂಬುದು ಪ್ರಸ್ತಾವ. ಮೊದಲು ಬದುಕಿರುವಾಗಲೇ ಅಳತೆ, ಛಾಯಾಚಿತ್ರ; ನಂತರ ಸಾವು ಬರಿಸಬೇಕು; ತಲೆಗೆ ಪೆಟ್ಟಾಗಬಾರದು; ತಲೆಯನ್ನು ದ್ರಾವಣ ತುಂಬಿದ ತಗಡಿನ ಡಬ್ಬಿಯಲ್ಲಿ ಕಳಿಸಬೇಕು. ಇಲ್ಲಿ ಸಾವಿನ ಮಾತು ಇದೆ. ಆದರೆ ಅದು ಯಾರೋ ಒಬ್ಬರು ಮಾಡುವ ಕೆಲಸವಾಗಿಲ್ಲ, ಕ್ರಮದಲ್ಲಿ ಬರುವ ಒಂದು ಹಂತ ಮಾತ್ರ.

ಎರಡನೆಯದು ಅದೇ ವರ್ಷದ ನವೆಂಬರ್ 2ರದು. ಈಗ ಕಮಿಸಾರರು ಮಾಯವಾಗಿದ್ದಾರೆ, ತಲೆಬುರುಡೆ ಹೋಗಿ ಪೂರ್ತಿ ಅಸ್ಥಿಪಂಜರ ಬಂದಿದೆ. ಮಾನವಶಾಸ್ತ್ರದ ಅಧ್ಯಯನಕ್ಕೆ ಕೈದಿಗಳ, ಅಂದರೆ ಯಹೂದಿಗಳ, 150 ಅಸ್ಥಿಪಂಜರಗಳು ಬೇಕಾಗಿವೆ, ಆಶ್ವಿಟ್ಜ್‌ನಿಂದ ಒದಗಿಸಬೇಕು ಎಂದು ಸೀವರ್ಸ್ ಬ್ರಾಂಟ್‌ಗೆ ಬರೆಯುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಬ್ರಾಂಟ್ ಅದನ್ನು ಐಷ್ಮನ್‌ಗೆ ತಿಳಿಸುತ್ತಾನೆ. ಈ ಬೇಡಿಕೆ ಬರೆದ ದಿನ ಆ 150 ಅಸ್ಥಿಪಂಜರಗಳು ಇನ್ನೂ ನಡೆದಾಡುತ್ತಿದ್ದವು. ಅವರಲ್ಲಿ ಹಲವರು ಇನ್ನೂ ತಮ್ಮ ತಮ್ಮ ಊರುಗಳಲ್ಲೇ ಇದ್ದಿರಬೇಕು. ಬದುಕಿರುವವರನ್ನು ಅಸ್ಥಿಪಂಜರ ಎಂದು ಕರೆಯಲು ಯಾವ ದ್ವೇಷದ ಮಾತೂ ಬೇಕಾಗಲಿಲ್ಲ, ಒಂದು ಬೇಡಿಕೆ ಪಟ್ಟಿ ಸಾಕಾಯಿತು.

ಮೂರನೆಯದು ನಾವು ಆಗಲೇ ಓದಿದ ಜೂನ್ 21ರ ಪತ್ರ. ಅದರಲ್ಲಿ ‘ಕೆಲಸ ಮುಗಿದಿದೆ’ ಎಂಬಲ್ಲಿ ಬಂದಿರುವ ಜರ್ಮನ್ ಕ್ರಿಯಾಪದ ಕಡತಗಳಿಗೆ, ಅರ್ಜಿಗಳಿಗೆ ಬಳಸುವಂಥದು. ನಮ್ಮ ಕಚೇರಿ ಕನ್ನಡದ ‘ವಿಲೇವಾರಿ’ಗೆ ಹತ್ತಿರದ್ದು. ಅರ್ಜಿ ವಿಲೇವಾರಿಯಾಗುವ ಹಾಗೆ ಮನುಷ್ಯರೂ ಆದರು.

1943ರ ಆಗಸ್ಟ್‌ನಲ್ಲಿ 86 ಜನರನ್ನು ನಾಟ್ಸ್‌ವೈಲರಿನ ಸಣ್ಣ ಅನಿಲಕೋಣೆಯಲ್ಲಿ ಕೊಂದರು. ಕೊಲ್ಲಿಸಿದವನು ಶಿಬಿರಾಧಿಕಾರಿ ಯೋಸೆಫ್ ಕ್ರಾಮರ್. ಶವಗಳು ಸ್ಟ್ರಾಸ್‌ಬರ್ಗ್‌ನ ಅಂಗರಚನಾಶಾಸ್ತ್ರ ಸಂಸ್ಥೆಗೆ ಹೋದವು. ಅಲ್ಲಿ ಹಿರ್ಟ್ ಅವನ್ನು ದ್ರಾವಣದ ತೊಟ್ಟಿಗಳಲ್ಲಿ ಇರಿಸಿದ. ಮಾಂಸ ಬಿಡಿಸಿ ಅಸ್ಥಿಪಂಜರ ಮಾಡುವ ಕೆಲಸ ಮುಂದೆ ಹೋಗುತ್ತಲೇ ಇತ್ತು.

ನಾಲ್ಕನೆಯದು 1944ರ ಸೆಪ್ಟೆಂಬರ್ 5ರದು. ಮಿತ್ರಪಡೆಗಳು ಸ್ಟ್ರಾಸ್‌ಬರ್ಗ್ ಕಡೆಗೆ ಬರುತ್ತಿವೆ. ಸೀವರ್ಸ್ ಬ್ರಾಂಟ್‌ನಿಂದ ಸೂಚನೆ ಕೇಳುತ್ತಾನೆ. ಶವಗಳಿಂದ ಮಾಂಸ ಬಿಡಿಸಿಬಿಟ್ಟರೆ ಗುರುತು ಸಿಗುವುದಿಲ್ಲ. ಹಾಗೆ ಮಾಡಿದರೆ ಅಚ್ಚು ತೆಗೆಯಲು ಆಗದೆ ವಿಜ್ಞಾನಕ್ಕೆ ನಷ್ಟ. ಬರಿಯ ಅಸ್ಥಿಪಂಜರಗಳ ಮೇಲೆ ಯಾರಿಗೂ ಅನುಮಾನ ಬಾರದು. ಉಳಿದ ಮಾಂಸದ ಭಾಗಗಳನ್ನು, ನಾವು ಸಂಸ್ಥೆಯನ್ನು ವಹಿಸಿಕೊಳ್ಳುವಾಗ ಫ್ರೆಂಚರು ಬಿಟ್ಟುಹೋದವು ಎಂದು ಹೇಳಬಹುದು. ಕೊನೆಗೆ ಮೂರು ಆಯ್ಕೆಗಳನ್ನು ಕೊಡುತ್ತಾನೆ: ಸಂಗ್ರಹವನ್ನು ಪೂರ್ತಿ ಉಳಿಸುವುದು, ಭಾಗಶಃ ನಾಶಮಾಡುವುದು, ಪೂರ್ತಿ ನಾಶಮಾಡುವುದು. ಯಾವುದೆಂದು ತಿಳಿಸಬೇಕು.

ಈ ಪತ್ರ ಬರುವವರೆಗೆ ಒಬ್ಬ ಓದುಗ ಸೀವರ್ಸ್‌ಗೆ ಅನುಮಾನದ ಲಾಭ ಕೊಡಬಹುದಿತ್ತೇನೋ. ಮೇಲಿನವರ ಮಾತು ಕೆಳಗಿನವರಿಗೆ, ಕೆಳಗಿನವರ ಮಾತು ಮೇಲಿನವರಿಗೆ ದಾಟಿಸುವ ಅಂಚೆಯವನು ಅವನು, ಅಷ್ಟೇ ಎನ್ನಬಹುದಿತ್ತು. ಆದರೆ ಅಂಚೆಯವನು ಸುಳ್ಳು ಹೊಸೆಯುವುದಿಲ್ಲ. ಶವಗಳ ಗುರುತು ಸಿಕ್ಕರೆ ಅಪಾಯ ಎಂದು ಗೊತ್ತಿದ್ದವನಿಗೆ ಅವು ಯಾರ ಶವಗಳು, ಹೇಗೆ ಶವಗಳಾದವು ಎಂಬುದೂ ಗೊತ್ತಿತ್ತು. ಮೊದಲ ಮೂರು ಪತ್ರಗಳ ತಣ್ಣನೆಯ ಭಾಷೆಯನ್ನು ನಾಲ್ಕನೆಯದು ಹಿಂದಿನಿಂದ ಬೆಳಗಿಸುತ್ತದೆ. ‘ಸ್ವಲ್ಪ ಕಾಲದ ಮಟ್ಟಿಗೆ’ ಎಂದು ಬರೆದವನು ಅದರ ಅರ್ಥವನ್ನು ಪೂರ್ತಿ ತಿಳಿದೇ ಬರೆದಿದ್ದ.

*

ನಾಜಿ ಕಾಲದ ಜರ್ಮನ್ ಭಾಷೆಯ ಬಗ್ಗೆ ವಿಕ್ಟರ್ ಕ್ಲೆಂಪರರ್ ಬರೆದ ಪುಸ್ತಕ 1947ರಲ್ಲಿ ಬಂತು. ಅವರು ಯಹೂದಿ ಮೂಲದ ಭಾಷಾವಿದ್ವಾಂಸರು; ಆ 12 ವರ್ಷಗಳನ್ನು ಜರ್ಮನಿಯೊಳಗೇ ಬದುಕಿ ಉಳಿದವರು. ಘೋಷಣೆಗಳಿಗಿಂತ ದಿನಬಳಕೆಯ ಸಣ್ಣ ಪದಗಳು, ನುಡಿಗಟ್ಟುಗಳು ಜನರೊಳಗೆ ಹೇಗೆ ವಿಷದಂತೆ ಇಳಿದವು ಎಂಬುದು ಅವರ ಗಮನವಾಗಿತ್ತು. ಸೀವರ್ಸ್‌ನ ಪತ್ರಗಳು ಆ ಮಾತಿಗೆ ಪುರಾವೆಯಂತಿವೆ. ಅವುಗಳಲ್ಲಿ ಬೈಗುಳವಿಲ್ಲ, ಅಬ್ಬರವಿಲ್ಲ. ವ್ಯಾಕರಣ ಸರಿಯಾಗಿದೆ.

ವ್ಯಾಕರಣದ ಮಾತು ಬಂದದ್ದರಿಂದ ಕನ್ನಡದ ಓದುಗರಿಗೆ ಒಂದು ಸಂಗತಿ ನೆನಪಿಸಬೇಕು. ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಕಲಿತಿದ್ದೇವೆ. ಮಾತಾಡುವಾಗ ನಾವು ಕರ್ಮಣಿಯನ್ನು ಬಳಸುವುದು ಬಹಳ ಕಡಿಮೆ. ‘ನನ್ನಿಂದ ಊಟ ಮಾಡಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ಆದರೆ ಕಚೇರಿಗೆ ಕಾಲಿಟ್ಟರೆ ಸಾಕು, ‘ಪರಿಶೀಲಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’, ‘ತೆರವುಗೊಳಿಸಲಾಯಿತು’. ಯಾರು ಪರಿಶೀಲಿಸಿದರು, ಯಾರು ತೆರವು ಮಾಡಿದರು? ಆ ವಾಕ್ಯಗಳಲ್ಲಿ ಕರ್ತೃಪದಕ್ಕೆ ಜಾಗವೇ ಇಲ್ಲ. ಇದನ್ನು ಹೇಳುವಾಗ ನಮ್ಮ ತಾಲ್ಲೂಕು ಕಚೇರಿಯ ಟಿಪ್ಪಣಿಗೂ ಆಶ್ವಿಟ್ಜ್‌ನ ಪತ್ರಕ್ಕೂ ಸಮ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸತ್ತವರಿಗೂ ಅವಮಾನ, ದುಡಿಯುವ ಗುಮಾಸ್ತರಿಗೂ ಅವಮಾನ. ಭಾಷೆಯಲ್ಲಿ ಈ ಸೌಲಭ್ಯ ಎಲ್ಲ ಕಡೆಯೂ ಸಿದ್ಧವಾಗಿರುತ್ತದೆ ಎಂಬುದಷ್ಟೇ ನನ್ನ ಮಾತು. ಒಳ್ಳೆಯ ಕೆಲಸಕ್ಕೂ ಅದೇ ವಾಕ್ಯ, ಕೊಲೆಗೂ ಅದೇ ವಾಕ್ಯ. ಆದ್ದರಿಂದ ಅಂಥ ವಾಕ್ಯ ಕಂಡಾಗ ಬಿಟ್ಟುಹೋದ ಕರ್ತೃವನ್ನು ಹುಡುಕುವುದು ಓದುಗನ ಕೆಲಸವಾಗುತ್ತದೆ.

ಒಂದು ಅರ್ಥದಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಮಾಡಿದ್ದು ಇದೇ ಕೆಲಸ. ಬಿಟ್ಟುಹೋದ ಕರ್ತೃಪದಗಳನ್ನು ಅದು ವಾಕ್ಯಗಳೊಳಗೆ ತುಂಬಿತು.

*

ಅಮೆರಿಕನ್ ನ್ಯಾಯಮಂಡಳಿಯ ಮುಂದೆ ‘ವೈದ್ಯರ ವಿಚಾರಣೆ’ ಆರಂಭವಾದದ್ದು 1946ರ ಡಿಸೆಂಬರ್ 9ರಂದು. ತೀರ್ಪು ಬಂದದ್ದು 1947ರ ಆಗಸ್ಟ್‌ನಲ್ಲಿ. ಒಟ್ಟು 23 ಆರೋಪಿಗಳು. ಅವರಲ್ಲಿ 20 ಮಂದಿ ವೈದ್ಯರು. ಉಳಿದ ಮೂವರು ಆಡಳಿತದವರು: ಹಿಮ್ಲರ್‌ನ ಕಾರ್ಯದರ್ಶಿ ರುಡಾಲ್ಫ್ ಬ್ರಾಂಟ್, ಹಿಟ್ಲರನ ಖಾಸಗಿ ಕಚೇರಿಯ ವಿಕ್ಟರ್ ಬ್ರಾಕ್, ಮತ್ತು ಸೀವರ್ಸ್.

ಸೀವರ್ಸ್ ಅದಕ್ಕೂ ಮೊದಲೇ, 1946ರ ಆಗಸ್ಟ್‌ನಲ್ಲಿ, ದೊಡ್ಡ ವಿಚಾರಣೆಯಲ್ಲಿ ಎಸ್‌ಎಸ್ ಪರವಾದ ಸಾಕ್ಷಿಯಾಗಿ ಬಂದಿದ್ದ. ಬ್ರಿಟನ್ನಿನ ವಕೀಲ ಎಲ್ವಿನ್ ಜೋನ್ಸ್ ಅವನ ಪತ್ರಗಳನ್ನು ಒಂದೊಂದಾಗಿ ಅವನ ಮುಂದೆ ಇಟ್ಟರು. ತನ್ನದೇ ಸಹಿ ಇರುವ ಕಾಗದಕ್ಕೆ ಮನುಷ್ಯ ಏನು ಉತ್ತರ ಕೊಟ್ಟಾನು? ಅದು ಹಿರ್ಟ್‌ನ ವಿಷಯ, ಹಿಮ್ಲರ್‌ನ ಆಜ್ಞೆ, ತಾನು ದಾಟಿಸಿದ್ದು ಮಾತ್ರ ಎಂಬ ದಾರಿಯಲ್ಲೇ ಅವನ ಉತ್ತರಗಳು ಸಾಗಿದವು.

ವೈದ್ಯರ ವಿಚಾರಣೆಯಲ್ಲಿ ಅವನು ಎರಡು ವಾದ ಹೂಡಿದ. ಒಂದು, ತಾನು ಬರೀ ಆಡಳಿತಗಾರ, ಮೇಲಿನವರ ಮಾತು ತಲುಪಿಸುವವನು. ಎರಡು, ತಾನು ಗುಟ್ಟಾಗಿ ನಾಜಿ ವಿರೋಧಿ. ಫ್ರೀಡ್ರಿಷ್ ಹೀಲ್ಷರ್ ಎಂಬಾತನ ಭೂಗತ ಗುಂಪಿನವನು. ಒಳಗಿನಿಂದ ಕೆಲಸ ಮಾಡಲೆಂದೇ ಆ ಕುರ್ಚಿಯಲ್ಲಿ ಉಳಿದವನು. ಹೀಲ್ಷರ್ ಬಂದು ಇದಕ್ಕೆ ಸಾಕ್ಷಿಯನ್ನೂ ನುಡಿದ.

ಈ ಎರಡು ವಾದಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಗಮನಿಸಿ. ಮೊದಲನೆಯದರಲ್ಲಿ ಅವನಿಗೆ ಸ್ವಂತ ಇಚ್ಛೆಯೇ ಇಲ್ಲ. ಎರಡನೆಯದರಲ್ಲಿ ಅವನಿಗೆ ಇಚ್ಛೆ, ಯೋಜನೆ, ಧೈರ್ಯ ಎಲ್ಲವೂ ಇವೆ. ಅಪರಾಧದ ಮುಂದೆ ನಿಂತಾಗ ಅವನು ಯಂತ್ರದ ಗಾಲಿ, ಬಿಡುಗಡೆಯ ಮುಂದೆ ನಿಂತಾಗ ವೀರ. ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ಅವನು ಏನೂ ತಿಳಿಯದ ದೂತನಲ್ಲ, ಈ ಕೆಲಸಗಳಲ್ಲಿ ಸಕ್ರಿಯ ಪಾಲುದಾರ ಎಂದು ಕಂಡುಕೊಂಡಿತು. ಭೂಗತ ಗುಂಪಿನ ವಿಷಯಕ್ಕೆ ಬಂದಾಗ ಅದು ಹೇಳಿದ ಮಾತಿನ ತಾತ್ಪರ್ಯ ಇದು: ಪ್ರತಿರೋಧಕ್ಕೆ ಸೇರಿದವನು ಅಪರಾಧ ಮಾಡಲಾರ ಎಂಬ ಕಾನೂನು ಇಲ್ಲ; ಯಾರನ್ನು ಕಾಪಾಡಬೇಕಿತ್ತೋ ಅವರ ಮೇಲೆಯೇ ಮಾಡಿದ ಅಪರಾಧಕ್ಕಂತೂ ಆ ನೆಪ ಸಲ್ಲುವುದೇ ಇಲ್ಲ.

16 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಏಳು ಮಂದಿಗೆ ಮರಣದಂಡನೆ. 1948ರ ಜೂನ್ 2ರಂದು ಲಾಂಡ್ಸ್‌ಬರ್ಗ್ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಆ ಏಳರಲ್ಲಿ ವೈದ್ಯರು ನಾಲ್ವರು. ವೈದ್ಯರಲ್ಲದ ಮೂವರಿಗೂ ಗಲ್ಲಾಯಿತು.

20ರಲ್ಲಿ ನಾಲ್ಕು, ಮೂರರಲ್ಲಿ ಮೂರು. ಈ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಕತ್ತಿ ಹಿಡಿದವರಲ್ಲಿ ಹೆಚ್ಚಿನವರು ಉಳಿದು, ಕಾಗದ ಹಿಡಿದವರು ಯಾರೂ ಉಳಿಯಲಿಲ್ಲವಲ್ಲ, ಇದು ನ್ಯಾಯವೇ? ಕೈಗೆ ಸಿಗದವರ ಪಾಲಿನ ಶಿಕ್ಷೆಯನ್ನೂ ಸೀವರ್ಸ್ ಅನುಭವಿಸಿದನೆ? ಹಿಮ್ಲರ್ 1945ರ ಮೇನಲ್ಲಿ ವಿಷ ನುಂಗಿ ಸತ್ತಿದ್ದ. ಹಿರ್ಟ್ ಮರು ತಿಂಗಳೇ ಆತ್ಮಹತ್ಯೆ ಮಾಡಿಕೊಂಡಿದ್ದ. ರಾಷರ್‌ನನ್ನು ಯುದ್ಧದ ಕೊನೆಯಲ್ಲಿ ಎಸ್‌ಎಸ್ ತಾನೇ ಕೊಂದಿತ್ತು. ಕ್ರಾಮರ್‌ಗೆ ಬೇರೊಂದು ಶಿಬಿರದ ಪ್ರಕರಣದಲ್ಲಿ ಬ್ರಿಟಿಷರು 1945ರಲ್ಲೇ ಗಲ್ಲು ವಿಧಿಸಿದ್ದರು. ಕಟಕಟೆಯಲ್ಲಿ ಉಳಿದವರು ಕಾರ್ಯದರ್ಶಿಗಳು. ಇನ್ನೊಂದು ಕಡೆ, ಜನರನ್ನು ಅಳೆದು ಆಯ್ದ ಬೇಗರ್ 1970ರವರೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. 1971ರಲ್ಲಿ ಫ್ರಾಂಕ್‌ಫರ್ಟ್ ನ್ಯಾಯಾಲಯ 86 ಕೊಲೆಗಳಿಗೆ ನೆರವಾದದ್ದಕ್ಕೆ ಅವನಿಗೆ ಮೂರು ವರ್ಷದ ಶಿಕ್ಷೆ ಕೊಟ್ಟಿತು. ಹಿಂದೆ ಬಂಧನದಲ್ಲಿ ಕಳೆದ ಕಾಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಅವನು ಮತ್ತೆ ಜೈಲಿಗೆ ಹೋಗಬೇಕಾಗಲಿಲ್ಲ. 2009ರವರೆಗೆ ಬದುಕಿದ. ಸಂಸ್ಕೃತ ಪಂಡಿತ ವ್ಯೂಸ್ಟ್ 1993ರವರೆಗೆ.

ಈ ಅಸಮಾನತೆ ನಿಜ. ಆದರೆ ಅದು ಸೀವರ್ಸ್‌ನ ಹೊರೆಯನ್ನು ಹಗುರ ಮಾಡುವುದಿಲ್ಲ. ಉಳಿದವರಿಗೆ ಸಿಕ್ಕ ವಿನಾಯಿತಿಯನ್ನು ತೋರಿಸುತ್ತದೆ. ವೈದ್ಯರಿಗೆ ‘ಇದು ವಿಜ್ಞಾನ’ ಎಂಬ ಗುರಾಣಿ ಇತ್ತು, ಬೇರೆ ದೇಶಗಳಲ್ಲೂ ಕೈದಿಗಳ ಮೇಲೆ ಪ್ರಯೋಗ ನಡೆದಿಲ್ಲವೇ ಎಂಬ ಪ್ರಶ್ನೆ ಇತ್ತು. ಕಾರ್ಯದರ್ಶಿಗೆ ಅಂಥ ಗುರಾಣಿ ಇರಲಿಲ್ಲ. ಅವನ ಬಳಿ ಇದ್ದದ್ದು ಅಚ್ಚುಕಟ್ಟಾಗಿ ಇಟ್ಟ ಪ್ರತಿಗಳು, ದಿನಚರಿ ಪುಸ್ತಕಗಳು. ಅವೇ ಅವನಿಗೆ ಎದುರು ಸಾಕ್ಷಿಯಾದವು. ನಮ್ಮ ಪುರಾಣದಲ್ಲಿ ಜನರ ಪಾಪಪುಣ್ಯ ಬರೆದಿಡುವವನು ಚಿತ್ರಗುಪ್ತ. ಇಲ್ಲಿ ಪಾಪಿಯೇ ತನ್ನ ಚಿತ್ರಗುಪ್ತನೂ ಆಗಿದ್ದ.

*

ಸಾಹಿತ್ಯ ಇಂಥವನನ್ನು ಹೇಗೆ ಕಂಡಿದೆ?

1963ರಲ್ಲಿ ರೋಲ್ಫ್ ಹೋಖ್‌ಹೂಟ್ ಅವರ ‘ಪ್ರತಿನಿಧಿ’ ನಾಟಕ ಬರ್ಲಿನ್ನಿನಲ್ಲಿ ರಂಗವೇರಿತು. ಪೋಪ್ ಮೌನವಾಗಿದ್ದುದನ್ನು ಪ್ರಶ್ನಿಸಿದ ಕಾರಣಕ್ಕೆ ಅದು ದೊಡ್ಡ ವಿವಾದ ಎಬ್ಬಿಸಿತು. ಆ ನಾಟಕದಲ್ಲಿ ಪ್ರಾಧ್ಯಾಪಕ ಹಿರ್ಟ್ ಒಂದು ಪಾತ್ರ. ತಲೆಬುರುಡೆ ಸಂಗ್ರಹಿಸುವ ವೈದ್ಯ ರಂಗದ ಮೇಲೆ ಬಂದರೆ ಪ್ರೇಕ್ಷಕರಿಗೆ ಮೈ ಜುಮ್ಮೆನ್ನುತ್ತದೆ. ನಾಟಕಕ್ಕೆ ಅಂಥ ರಾಕ್ಷಸ ಒದಗಿಬರುತ್ತಾನೆ. ಸಾಗಣೆಯ ದಿನಾಂಕ, ಬಟ್ಟೆಯ ಲೆಕ್ಕ ಬರೆಯುವವನನ್ನು ರಂಗಕ್ಕೆ ತರುವುದು ಕಷ್ಟ. ಪೀಟರ್ ವೈಸ್ ಅವರು ಆಶ್ವಿಟ್ಜ್ ವಿಚಾರಣೆಯ ದಾಖಲೆಗಳಿಂದಲೇ 1965ರಲ್ಲಿ ಕಟ್ಟಿದ ನಾಟಕ ಈ ಕಷ್ಟವನ್ನು ಬೇರೆ ರೀತಿ ಎದುರಿಸಿತು: ಅಲಂಕಾರ ಬಿಟ್ಟು ದಾಖಲೆಯ ಮಾತನ್ನೇ ನುಡಿಸಿತು. ದಾಖಲೆಗೆ ತನ್ನದೇ ಬಲ ಇದೆ ಎಂದು ನಂಬಿದ ಕೃತಿ ಅದು.

ಅದೇ 1963ರಲ್ಲಿ ಹನ್ನಾ ಅರೆಂಟ್ ಅವರು ಐಷ್ಮನ್ ವಿಚಾರಣೆಯ ಬಗ್ಗೆ ಬರೆದ ಪುಸ್ತಕ ಬಂತು. ಕೆಡುಕಿನ ಮಾಮೂಲಿತನ ಎಂಬ ಅವರ ಮಾತು ಅಂದಿನಿಂದ ಎಲ್ಲರ ಬಾಯಲ್ಲೂ ಇದೆ. ನಮ್ಮ ವಿಮರ್ಶೆಯಲ್ಲೂ ಅದು ಆಗಾಗ ಬರುತ್ತದೆ. ಬಳಸಿ ಬಳಸಿ ಅದು ಸವೆದಿದೆ ಎಂಬುದು ನನ್ನ ತಕರಾರು. ಅರೆಂಟ್ ಹೇಳಿದ್ದು ಸೂಕ್ಷ್ಮವಾದದ್ದು: ಇನ್ನೊಬ್ಬರ ಜಾಗದಲ್ಲಿ ನಿಂತು ಆಲೋಚಿಸಲಾರದ ಸ್ಥಿತಿಯ ಬಗ್ಗೆ ಅವರು ಮಾತಾಡಿದ್ದರು. ನಾವು ಅದನ್ನು ‘ಪಾಪ, ಗುಮಾಸ್ತನಿಗೆ ಏನೂ ತಿಳಿಯಲಿಲ್ಲ, ಹೇಳಿದ್ದನ್ನು ಮಾಡಿದ’ ಎಂಬಲ್ಲಿಗೆ ಇಳಿಸಿಬಿಟ್ಟಿದ್ದೇವೆ. ಸೀವರ್ಸ್‌ನ ಸೆಪ್ಟೆಂಬರ್ ಪತ್ರ ಈ ಸಡಿಲ ಓದಿಗೆ ಒಗ್ಗುವುದಿಲ್ಲ. ಅವನು ಆಲೋಚಿಸಿದ್ದ. ತನ್ನ ಪತ್ರ ಒಂದು ದಿನ ಯಾರ ಕೈಗೆ ಸಿಗಬಹುದು, ಶವಗಳನ್ನು ಕಂಡವರು ಏನು ಕೇಳಬಹುದು, ಏನು ಹೇಳಿದರೆ ನಂಬುತ್ತಾರೆ ಎಂದು ಇನ್ನೊಬ್ಬರ ಜಾಗದಲ್ಲಿ ನಿಂತೇ ಆಲೋಚಿಸಿದ್ದ. ಹಾಗೆ ನಿಂತದ್ದು ತನಿಖೆ ಮಾಡುವವರ ಜಾಗದಲ್ಲಿ. ಆ 30 ಹೆಂಗಸರ ಜಾಗದಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

2006ರಲ್ಲಿ ಫ್ರೆಂಚಿನಲ್ಲಿ ಬಂದು ಗೊಂಕೂರ್ ಪ್ರಶಸ್ತಿ ಪಡೆದ ಜೊನಾಥನ್ ಲಿಟ್ಟೆಲ್ ಅವರ ಬೃಹತ್ ಕಾದಂಬರಿ ಒಬ್ಬ ಎಸ್‌ಎಸ್ ಅಧಿಕಾರಿಯ ಬಾಯಿಂದಲೇ ಕಥೆ ಹೇಳಿಸುತ್ತದೆ. ಅವನು ವಿದ್ಯಾವಂತ, ಸಂಗೀತಪ್ರಿಯ, ಮಾತುಗಾರ. ಓದುಗನನ್ನು ಸೆಳೆದು ಕಟ್ಟಿಹಾಕುತ್ತಾನೆ. ಆದರೆ ಅವನಿಗೆ ಅಷ್ಟು ದೊಡ್ಡ ಅಂತರಂಗವನ್ನು ಕೊಡುವುದರಲ್ಲಿ ಒಂದು ಅಪಾಯವಿದೆ. ಕೊಂದವನ ಒಳಮನಸ್ಸು ನೂರಾರು ಪುಟ ತುಂಬುತ್ತದೆ, ಕೊಲೆಯಾದವರು ಗುಂಪಾಗಿ ಬಂದು ಗುಂಪಾಗಿ ಹೋಗುತ್ತಾರೆ. ಸೀವರ್ಸ್‌ನ ಕಡತದಲ್ಲೂ ಆದದ್ದು ಅದೇ ಅಲ್ಲವೇ? ಅಲ್ಲಿ ಬರೆದವನಿಗೆ ಹೆಸರಿದೆ, ಹುದ್ದೆ ಇದೆ, ಸಹಿ ಇದೆ. ಉಳಿದವರು 79, 30, 2, 4.

*

ಈ ಅಂಕಿಗಳು ಹೆಸರಾದ ಕಥೆ ಇನ್ನೊಂದು ಬರವಣಿಗೆಯಿಂದ ಆರಂಭವಾಗುತ್ತದೆ.

ಸ್ಟ್ರಾಸ್‌ಬರ್ಗ್ ಸಂಸ್ಥೆಯಲ್ಲಿ ಹಿರ್ಟ್‌ನ ಕೈಕೆಳಗೆ ಆಂರಿ ಆಂರಿಪಿಯರ್ ಎಂಬ ಫ್ರೆಂಚ್ ಸಹಾಯಕನಿದ್ದ. 1943ರ ಆಗಸ್ಟ್‌ನಲ್ಲಿ ಶವಗಳು ಕಂತುಕಂತಾಗಿ ಬಂದಾಗ ಅವುಗಳನ್ನು ಇಳಿಸಿಕೊಂಡವರಲ್ಲಿ ಅವನೂ ಒಬ್ಬ. ಮೈ ಇನ್ನೂ ಬೆಚ್ಚಗಿತ್ತು, ಕಣ್ಣು ತೆರೆದಿದ್ದವು ಎಂದು ಮುಂದೆ ನ್ಯೂರೆಂಬರ್ಗ್‌ನಲ್ಲಿ ಹೇಳಿದ. ಬಾಯಿ ಬಿಟ್ಟರೆ ನಿನಗೂ ಇದೇ ಗತಿ ಎಂದು ಹಿರ್ಟ್ ಹೆದರಿಸಿದ್ದನ್ನೂ ಹೇಳಿದ. ಅವನು ಬಾಯಿ ಬಿಡಲಿಲ್ಲ. ಆದರೆ ಶವಗಳ ತೋಳಿನ ಮೇಲೆ ಹಚ್ಚೆ ಹಾಕಿದ್ದ ಸಂಖ್ಯೆಗಳನ್ನು ಗುಟ್ಟಾಗಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡ.

ಅದೂ ಒಂದು ಪಟ್ಟಿಯೇ. ಅದರಲ್ಲಿಯೂ ಕ್ರಿಯಾಪದವಿಲ್ಲ, ಕರ್ತೃವಿಲ್ಲ, ಒಂದು ಪೂರ್ಣ ವಾಕ್ಯವೂ ಇಲ್ಲ. ಸೀವರ್ಸ್‌ನ ಪತ್ರದಷ್ಟೇ ಒಣಗಿದ ಬರಹ ಅದು. ಆದರೂ ಎರಡಕ್ಕೂ ಇರುವ ವ್ಯತ್ಯಾಸ ಸ್ಪಷ್ಟ. ಸೀವರ್ಸ್ 30 ಎಂದು ಬರೆದ. ಆ 30ರಲ್ಲಿ ಒಬ್ಬರ ಬದಲು ಇನ್ನೊಬ್ಬರಿದ್ದರೂ ಅವನ ಲೆಕ್ಕ ಕೆಡುತ್ತಿರಲಿಲ್ಲ. ಆಂರಿಪಿಯರ್ ಬರೆದ ಒಂದೊಂದು ಸಂಖ್ಯೆಯೂ ಒಬ್ಬೊಬ್ಬರದೇ. ಒಂದು ಅಂಕಿ ತಪ್ಪಿದರೂ ಒಬ್ಬ ಮನುಷ್ಯ ಕಳೆದುಹೋಗುತ್ತಿದ್ದ.

ಯುದ್ಧ ಮುಗಿದು ದಶಕಗಳು ಕಳೆದರೂ 86 ಜನರಲ್ಲಿ ಗುರುತು ಸಿಕ್ಕಿದ್ದು ಒಬ್ಬರದು ಮಾತ್ರ: ಪೋಲೆಂಡಿನಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ನೆಲೆಸಿದ್ದ ಮೆನಾಕೆಮ್ ಟಾಫೆಲ್. ಅವರ ತೋಳಿನ ಸಂಖ್ಯೆ 107969. ಉಳಿದವರ ಹೆಸರು ಹುಡುಕಲು ಹೊರಟವರು ಟ್ಯೂಬಿಂಗನ್‌ನ ಪತ್ರಕರ್ತ ಹಾನ್ಸ್ ಯೊವಾಖಿಮ್ ಲಾಂಗ್. ಆಂರಿಪಿಯರ್‌ನ ಪಟ್ಟಿಯನ್ನು ಆಶ್ವಿಟ್ಜ್‌ನಲ್ಲಿ ಉಳಿದಿದ್ದ ದಾಖಲೆಗಳ ಜೊತೆ ಹೋಲಿಸಿ ನೋಡುತ್ತಾ ಅವರು 86 ಹೆಸರುಗಳನ್ನೂ ಪತ್ತೆಮಾಡಿದರು. 2004ರಲ್ಲಿ ಬಂದ ಅವರ ಪುಸ್ತಕದ ಶೀರ್ಷಿಕೆಯ ಅರ್ಥ ‘ಸಂಖ್ಯೆಗಳ ಹೆಸರುಗಳು’. ಅದರ ಮರುವರ್ಷ, ಆ ಶವಗಳನ್ನು ಹೂತಿರುವ ಸ್ಟ್ರಾಸ್‌ಬರ್ಗ್‌ನ ಕ್ರೊನೆನ್‌ಬೂರ್ಗ್ ಯಹೂದಿ ಸ್ಮಶಾನದಲ್ಲಿ ಹೆಸರುಗಳುಳ್ಳ ಕಲ್ಲು ನಿಂತಿತು. 2015ರಲ್ಲಿ ಸ್ಟ್ರಾಸ್‌ಬರ್ಗ್‌ನ ವೈದ್ಯ ರಾಫೆಲ್ ಟೊಲೆಡಾನೊ ಅವರು ಅಲ್ಲಿನ ವಿಶ್ವವಿದ್ಯಾಲಯದ ಸಂಗ್ರಹದಲ್ಲೇ ಇದೇ ಸತ್ತವರ ಅಂಗಾಂಶದ ಕೆಲವು ಮಾದರಿಗಳು ಉಳಿದಿರುವುದನ್ನು ಕಂಡುಹಿಡಿದರು. ಅವನ್ನೂ ಅದೇ ಸ್ಮಶಾನದಲ್ಲಿ ಮಣ್ಣುಮಾಡಿದರು. ಸಾವಿಗೂ ಮಣ್ಣಿಗೂ ನಡುವೆ 72 ವರ್ಷ.

ಸೀವರ್ಸ್‌ನ ಪತ್ರಗಳೂ ಆ ವಿಚಾರಣೆಯ ಕಡತಗಳೂ ಇಂದು ಮುಚ್ಚಿದ ಕಪಾಟಿನಲ್ಲಿಲ್ಲ. ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯ ನ್ಯೂರೆಂಬರ್ಗ್ ವಿಚಾರಣೆಯ ಸಾವಿರಾರು ಪುಟಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಸಾಹಿತ್ಯದ ವಿದ್ಯಾರ್ಥಿಗಳು ಕಥೆ, ಕವಿತೆಗಳ ಜೊತೆಗೆ ಇಂಥ ಪುಟಗಳನ್ನೂ ಓದಬೇಕೆಂಬುದು ನನ್ನ ಆಸೆ. ಕವಿತೆಯಲ್ಲಿ ಹೇಳದೆ ಬಿಟ್ಟ ಮಾತನ್ನು ಗುರುತಿಸಲು ನಾವು ಕಲಿತಿದ್ದೇವೆ; ಅದನ್ನು ಧ್ವನಿ ಎಂದು ಕರೆದು ಸಾವಿರ ವರ್ಷಗಳಿಂದ ಚರ್ಚಿಸಿದ್ದೇವೆ. ಕಚೇರಿ ಪತ್ರದಲ್ಲಿ ಹೇಳದೆ ಬಿಟ್ಟ ಮಾತನ್ನೂ ಅದೇ ಎಚ್ಚರದಿಂದ ಓದಬೇಕಾಗಿದೆ. ‘ಸ್ವಲ್ಪ ಕಾಲದ ಮಟ್ಟಿಗೆ’ ಎಂಬುದನ್ನು ಅಂದು ಟೈಪ್ ಮಾಡಿದವರು, ಲಕೋಟೆಗೆ ಹಾಕಿದವರು, ತೆರೆದು ಓದಿದವರು, ಬಟ್ಟೆ ಕಟ್ಟಿ ಕಳಿಸಿದವರು ಹಲವರಿದ್ದರು. ಅವರಲ್ಲಿ ಒಬ್ಬರಾದರೂ ನಿಂತು, ಆಮೇಲೆ ಈ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಬಹುದಿತ್ತು.